ರವೆಯೂ ಗೋಧಿಯೇ ಅಂತೆ

ಆಮೇಲೆ ನೀವಾಗಿ ಕಂಡುಹಿಡಿದು ನಗುವುದಕ್ಕಿಂತ ನಾನೇ ಮೊದಲು ಹೇಳಿಬಿಡುತ್ತೇನೆ. ಮದುವೆಯಾಗಿ ಮೂರು ವರ್ಷ ಕಳೆಯುವವರೆಗೂ ರವೆ ಗೋಧಿಯಿಂದ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಯಾವುದರಿಂದ ಆಗುತ್ತದೆ ಅಂದುಕೊಂಡಿದ್ದೆ ಎಂದು ಕೇಳಿದರೆ, ಏನೂ ಅಂದುಕೊಂಡಿರಲಿಲ್ಲ. ರವೆ ಅಂಗಡಿಯಿಂದ ಬರುತ್ತದೆ. ಅಂಗಡಿಗೆ ಎಲ್ಲಿಂದ ಬರುತ್ತದೆ ಎನ್ನುವುದು ಅಂಗಡಿಯವರ ತಲೆಬಿಸಿ. ನಾನು ಬಿ.ಕಾಂ. ಓದಿದವನು, ಅದರಲ್ಲಿ ರವೆಯ ಪಾಠ ಇರಲಿಲ್ಲ.

ತಪ್ಪು ನನ್ನೊಬ್ಬನದೇ ಅಲ್ಲ, ಸ್ವಲ್ಪ ಊರಿನದ್ದೂ ಇದೆ. ಬಸ್ರೂರಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಅಕ್ಕಿ ದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಅದೇ ಅಕ್ಕಿಯ ಗಂಜಿ. ತೊಂಬತ್ತೇಳರ ಹೊತ್ತಿಗೆ, ನಾನು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ, ಗೋಧಿಹಿಟ್ಟು ನಮ್ಮ ಹೊಸಿಲು ದಾಟುತ್ತಿದ್ದುದು ಮೇ ತಿಂಗಳಲ್ಲಿ, ಮುಂಬೈಯ ದೊಡ್ಡಪ್ಪನ ಜೊತೆ. ಅಮ್ಮ ಮಾಡಿದ ಚಪಾತಿಯನ್ನು ದೊಡ್ಡಪ್ಪ ಒಂದು ಕೈಯಲ್ಲಿ ಹರಿಯಲು ನೋಡಿ, ಆಗದೆ ಎರಡೂ ಕೈ ಹಾಕಿ, ಕೊನೆಗೆ "ಊರಿಗ್ ಬಂದ್ಮೇಲೆ ಗಂಜಿ ಉಂಬುದೇ ಒಳ್ಳೇದ್" ಎಂದು ಮರ್ಯಾದೆಯಿಂದ ಬಟ್ಟಲು ಸರಿಸುತ್ತಿದ್ದರು. ಉಳಿದ ಹಿಟ್ಟು ಡಬ್ಬದಲ್ಲಿ ಮಳೆಗಾಲ ಕಳೆದು ಹುಳಗಳ ಪಾಲಾಗುತ್ತಿತ್ತು.

ರವೆಯ ಮರ್ಯಾದೆಯೇ ಬೇರೆ. ಅದು ಶನಿವಾರದ ದೇವರ ಕಡೆಯದು. ಶನಿವಾರ ಅಮ್ಮನಿಗೆ ಒಪ್ಪತ್ತು. ಮಧ್ಯಾಹ್ನ ಒಂದೇ ಊಟ, ರಾತ್ರಿ ಅಕ್ಕಿ ಮುಟ್ಟುವಂತಿಲ್ಲ, ರವೆಯ ಸಜ್ಜಿಗೆ ತಿನ್ನಬಹುದು. ಅಮ್ಮ ರವೆ ಹುರಿಯುವ ಪರಿಮಳ ಅಂಗಳಕ್ಕೆ ಬಂದದ್ದೇ, ಆಟ ಬಿಟ್ಟು ನಾನೂ ಅಕ್ಕನೂ ಬಹಳ ಭಕ್ತಿಯಿಂದ ಒಳಗೆ ಓಡುತ್ತಿದ್ದೆವು. ಸಜ್ಜಿಗೆಗೆ ಬಾಳೆಹಣ್ಣು ಕಿವುಚಿ, ಮೇಲೆ ಸಕ್ಕರೆ ಉದುರಿಸಿಕೊಂಡು ಅಮ್ಮನ ವ್ರತದ ಮುಕ್ಕಾಲು ಪಾಲನ್ನು ನಾವೇ ಮುಗಿಸುತ್ತಿದ್ದೆವು. ಅಮ್ಮ ಬಾಣಲೆಯ ತಳ ಕೆರೆದು ತಿನ್ನುತ್ತಿದ್ದಳು. ಇವತ್ತಿಗೂ ರವೆ ಹುರಿದ ಪರಿಮಳ ಮೂಗಿಗೆ ಬಿದ್ದರೆ, ಬುಧವಾರವಾದರೂ ನನಗೆ ಶನಿವಾರ ಸಂಜೆಯಾಗಿಬಿಡುತ್ತದೆ. ಇಂಥ ದೇವರ ವಸ್ತುವನ್ನು ಯಾರಾದರೂ ದೊಡ್ಡಪ್ಪನ ಚಪಾತಿಯ ನೆಂಟ ಅಂದುಕೊಳ್ಳುತ್ತಾರೆಯೇ?

ನನ್ನ ಹೆಂಡತಿ ರೇವತಿ ಬೈಂದೂರು ಕಡೆಯವಳು. ಮದುವೆಯಾಗಿ ಬಂದವಳು ಅಮ್ಮನ ಜೊತೆ ತಾನೂ ಶನಿವಾರದ ಒಪ್ಪತ್ತು ಹಿಡಿದಳು. ಅಷ್ಟರಲ್ಲಿ ಅಮ್ಮನ ಚಪಾತಿಯೂ ಸುಧಾರಿಸಿದ್ದರಿಂದ ರಾತ್ರಿ ಅದೇ ಫಲಾಹಾರ. ಭಾನುವಾರ ಬೆಳಗಾದರೆ ರೇವತಿಗೆ ಹೊಟ್ಟೆ ಉಬ್ಬರ, ಬಚ್ಚಲಿಗೂ ಚಾಪೆಗೂ ಓಡಾಟ, ಕಾಲಲ್ಲಿ ಶಕ್ತಿಯೇ ಇಲ್ಲ. ಭಾನುವಾರವೆಂದರೆ ನಮ್ಮಲ್ಲಿ ಮೀನಿನ ದಿನ. ಹಂಗಳೂರಿಗೆ ಕೊಟ್ಟ ಅಕ್ಕ ಮಕ್ಕಳನ್ನು ಕರಕೊಂಡು ಬರುವ ದಿನವೂ ಅದೇ.

"ಶನಿವಾರ ರಾತ್ರಿ ತನಕ ಸಮಾ ಇರ್ತ್. ಆಯ್ತಾರ ಬಂಗ್ಡಿ ಕಂಡ್ ಕೂಡ್ಲೆ ಹೊಟ್ಟೆನೋವ್ ಶುರು. ಮೀನ್ ಕೊಯ್ಯುಕೆ ಬೇಜಾರಾದ್ರೆ ಬಾಯ್ ಬಿಟ್ಟ್ ಹೇಳುಕೆ ಎಂತ?" ಎಂದು ಅಕ್ಕ ಜಗಲಿಯಿಂದಲೇ ರಾಗ ಎಳೆಯುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ರೇವತಿ ಚಾಪೆಯಿಂದ ಎದ್ದು ಬಂದು ಮೀನು ಕೊಯ್ಯುವ ಮೆಟ್ಟುಕತ್ತಿಯ ಮುಂದೆ ಕೂತುಬಿಡುತ್ತಿದ್ದಳು.

ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಗಿರಾಕಿ ಇಲ್ಲದಾಗ ಗಿರಾಕಿಗಳ ಫೋನಿನಲ್ಲೇ ಇಂಟರ್ನೆಟ್ ನೋಡುವುದು ನನ್ನ ಉಪಕಸುಬು. ಒಂದು ಮಧ್ಯಾಹ್ನ ಗ್ಲುಟೆನ್ ಎಂಬುದು ಕಣ್ಣಿಗೆ ಬಿತ್ತು. ಗೋಧಿಯಲ್ಲಿರುವ ಅಂಟಂತೆ. ಕೆಲವರ ಕರುಳಿಗೆ ಆಗುವುದಿಲ್ಲವಂತೆ. ಉಬ್ಬರ, ಸುಸ್ತು, ರಕ್ತ ಕಡಿಮೆ ಎಂದೆಲ್ಲ ಬರೆದಿತ್ತು. ಶನಿವಾರದ ಚಪಾತಿ, ಭಾನುವಾರದ ಹೊಟ್ಟೆನೋವು! ಅಂಗಡಿಯ ಬಾಗಿಲೆಳೆದು ಮನೆಗೆ ಓಡಿದೆ. ಹೊಸ ಗ್ರಹ ಕಂಡುಹಿಡಿದವನ ಹಾಗೆ ಅಂಗಳದಲ್ಲಿ ನಿಂತು, "ಇವತ್ತಿಂದ ಈ ಮನೇಲ್ ಚಪಾತಿ ಬಂದ್!" ಎಂದು ಘೋಷಿಸಿದೆ.

"ಹಂಗಾರೆ ಶನಿವಾರ ರಾತ್ರಿ ರೇವತಿ ಎಂತ ತಿಂಬುದಾ?" ಎಂದಳು ಅಮ್ಮ.

"ಸಜ್ಜಿಗೆ!" ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಹೆಂಡತಿಯ ಆರೋಗ್ಯದ ಜವಾಬ್ದಾರಿ ಹೊತ್ತ ಹುರುಪಿನಲ್ಲಿ ಸೋಮವಾರ ರವೆ ಇಡ್ಲಿ, ಮಂಗಳವಾರ ರವೆ ದೋಸೆ, ಬುಧವಾರ ಪೇಟೆಯ ಶ್ಯಾವಿಗೆ. ನಾನೇ ಸೌಟು ಹಿಡಿದು ನಿಂತೆ. ಭಾನುವಾರಕ್ಕೆ ಮಾತ್ರ ಬರುತ್ತಿದ್ದ ಹೊಟ್ಟೆನೋವು ವಾರವಿಡೀ ಬಿಡಾರ ಹೂಡಿತು. "ಗೋಧಿ ಮೈಬಿಟ್ಟ್ ಹೋಪ ಹೊತ್ತಿಗೆ ಹೀಂಗೇ ಆಪುದ್" ಎಂದು ಧೈರ್ಯ ಹೇಳಿ ಇನ್ನೊಂದು ಸೌಟು ಬಡಿಸಿದೆ.

ಕೊನೆಗೆ ಅವಳ ಮುಖ ಬಿಳಿಚಿದ್ದು ನೋಡಿ ಹೆದರಿ, ಕುಂದಾಪುರದ ಒಬ್ಬ ಡಾಕ್ಟರಮ್ಮನ ಬಳಿ ಕರಕೊಂಡು ಹೋದೆ. ನನ್ನ ಸಂಶೋಧನೆಯನ್ನೂ, ವಾರದ ಅಡುಗೆಯನ್ನೂ ಹೆಮ್ಮೆಯಿಂದ ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ರವೆ ಯಾವುದರಿಂದ ಮಾಡ್ತಾರೆ?"

"ಮಿಲ್ಲಿಂದ" ಎಂದೆ.

ಡಾಕ್ಟರಮ್ಮ ನಗು ತಡೆಯಲು ನೀರು ಕುಡಿದರು. ಆಮೇಲೆ ನಿಧಾನವಾಗಿ ಹೇಳಿದರು: "ರವೆ, ಮೈದಾ, ನಿಮ್ಮ ಶ್ಯಾವಿಗೆ, ಎಲ್ಲ ಗೋಧಿಯೇ. ಆದರೆ ಒಂದು ಒಳ್ಳೆಯದಾಯ್ತು. ನೀವು ನಿಜವಾಗಿ ಗೋಧಿ ಬಿಡಿಸಿದ್ದರೆ ರಕ್ತ ಪರೀಕ್ಷೆಯಲ್ಲಿ ಸರಿಯಾಗಿ ಗೊತ್ತಾಗ್ತಿರಲಿಲ್ಲ. ಮಾಡಿಸುವುದಿದ್ದರೆ ಈಗಲೇ ಮಾಡಿಸಿ. ಬರೀ ಅಂದಾಜಿನ ಮೇಲೆ ಜೀವಮಾನವಿಡೀ ಪಥ್ಯ ಮಾಡಿಸಬೇಡಿ, ಬೇರೆ ಕಾಯಿಲೆಯೂ ಇರಬಹುದು." ನನ್ನ ದಡ್ಡತನವೂ ವೈದ್ಯಶಾಸ್ತ್ರಕ್ಕೆ ಉಪಯೋಗವಾಯಿತಲ್ಲ ಎಂದು ನಾನು ಎದೆಯುಬ್ಬಿಸಿ ಹೊರಬಂದೆ. ರೇವತಿ ಮಾತ್ರ ಬೆಂಚಿನ ಮೇಲೆ ಕೂತವಳು ಏಳಲಿಲ್ಲ.

"ಹ್ವಾಯ್, ಟೆಸ್ಟ್ ಬ್ಯಾಡ" ಎಂದಳು. "ಸುಮ್ನೆ ಗೋಧಿ ಬಿಡ್ತೆ."

"ಸೂಜಿಗ್ ಹೆದ್ರಿಕೆಯಾ?"

"ಸೂಜಿ ಎಂತ ಮಾಡತ್ತ್? ಟೆಸ್ಟಲ್ ಎಂತ ಇಲ್ಲೆ ಅಂದ್ ಬಂದ್ರೆ? ಇಷ್ಟ್ ವರ್ಷ ನಾಟ್ಕ ಮಾಡಿದ್ದ್ ಅಂತ್ರ್ ಎಲ್ಲರೂ."

"ಅಕ್ಕ ಎಂತ ಬೇಕಾರೂ ಹೇಳ್ಲಿ ಮಾರಾಯ್ತಿ."

"ಅಕ್ಕ ಹೇಳ್ಲಿ. ನೀವ್ ಎಂತ ಹೇಳ್ತ್ರಿ?"

ಜಗತ್ತಿನಲ್ಲಿ ಎಲ್ಲರೂ ಕಾಯಿಲೆ ಇರಬಾರದು ಎಂದು ಪರೀಕ್ಷೆ ಮಾಡಿಸುತ್ತಾರೆ. ಇವಳು ಇರಲಿ ಎಂದು ಬೇಡುತ್ತ ಕೂತಿದ್ದಳು. ನನ್ನ ತಲೆಗೆ ಬಂದದ್ದು ಒಂದೇ: "ಎಂತ ಬಂದ್ರೂ ಸೈ, ಇನ್ನ್ ಆಯ್ತಾರ ಮೀನ್ ಕೊಯ್ಯುದ್ ನಾನ್."

"ನಿಮ್ಗ್ ಕೊಯ್ಯುಕೆ ಬತ್ತಾ?"

"ಬತ್ತಿಲ್ಲೆ."

ಅವಳು "ಅಡ್ಡಿಲ್ಲೆ, ಮಾಡ್ಸುವ" ಎಂದು ಎದ್ದು ಒಳಗೆ ಹೋಗಿ ಕೈ ಚಾಚಿದಳು.

ಅನುಮಾನ ಸರಿಯಾಗಿತ್ತು. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಕರುಳಿಗೆ ನಳಿಗೆ ಇಳಿಸಿ ನೋಡಿ ಅದೇ ಎಂದು ಖಾತ್ರಿ ಮಾಡಿದರು. ರೇವತಿ ರಿಪೋರ್ಟನ್ನು ಮಡಚದೆ, ಬಸ್ಸಿನಲ್ಲಿ ಬಸ್ರೂರಿನವರೆಗೂ ಮದುವೆ ಕಾಗದದ ಹಾಗೆ ಹಿಡಿದುಕೊಂಡೇ ಬಂದಳು. ಅಂಗಳದಲ್ಲಿದ್ದ ಅಮ್ಮನಿಗೆ, "ಅತ್ತೆ, ನಂಗ್ ಕಾಯ್ಲಿ ಇತ್ತ್ ಅಂಬ್ರ್!" ಎಂದಳು. ಅಷ್ಟು ಸಂತೋಷದ ಮುಖ ನಾನು ನಮ್ಮ ಮದುವೆಯ ಫೋಟೋದಲ್ಲೂ ಕಂಡಿಲ್ಲ. ಅಮ್ಮ ಒಳಗೆ ಹೋಗಿ ರವೆಯ ಡಬ್ಬ ಎತ್ತಿಕೊಂಡು ಪಕ್ಕದ ಮನೆಗೆ ಕೊಟ್ಟು ಬಂದಳು.

ಆ ಭಾನುವಾರ ಮೆಟ್ಟುಕತ್ತಿಯ ಮುಂದೆ ಕೂತೆ. ಬಂಗ್ಡಿಗಳಿಗೆ ನಾನು ಮಾಡಿದ ಅನ್ಯಾಯದ ಲಾಭ ಊರಿನ ಬೆಕ್ಕುಗಳಿಗಾಯಿತು. ಅಷ್ಟರಲ್ಲಿ ಅಕ್ಕ ಬಂದಳು. ಇದಕ್ಕೇ ಕಾದಿದ್ದ ನಾನು ಕೈಯನ್ನು ಲುಂಗಿಗೆ ಒರೆಸಿಕೊಂಡು, ಕೇಸು ಗೆದ್ದ ವಕೀಲನ ಹಾಗೆ ರಿಪೋರ್ಟನ್ನು ಅವಳ ಮುಂದೆ ಹಿಡಿದೆ. "ಓದ್! ನಾಟ್ಕ ಅಂದದ್ದಲ್ದಾ? ಇನ್ನ್ ಯಾರಾರೂ ನೆಗಾಡ್ರೆ ಕಾಣ್ಕ್!"

ಅಕ್ಕ ಪೂರ್ತಿ ಓದಿದಳು. ಅಡುಗೆಮನೆಯಲ್ಲಿ ಮಸಾಲೆ ಅರೆಯುತ್ತಿದ್ದ ರೇವತಿಯ ಕಡೆ ಒಮ್ಮೆ ನೋಡಿದಳು. ಕಾಗದವನ್ನು ನನ್ನ ಕೈಗೇ ವಾಪಸು ಕೊಟ್ಟು, ದನಿ ತಗ್ಗಿಸಿ ಹೇಳಿದಳು: "ಇದನ್ನ ನಂಗೆಂತಕೆ ತೋರ್ಸ್ತೆ ಮಾರಾಯ? ರೇವತಿ ಹೊಟ್ಟೆನೋವ್ ಅಂದಾಗೆಲ್ಲ ಮೊದ್ಲ್ ನೆಗಾಡಿದ್ದ್ ನೀನ್. ಗಂಡನೇ ನೆಗಾಡ್ತಾ ಅಂದೇಳಿ ನಾವೂ ನೆಗಾಡಿದ್ದ್."