ಸುಮ್ನ ಬಿದ್ದವರು

ಈ ಜಗತ್ತಿನಲ್ಲಿ ಸುಮ್ಮನೆ ಬೀಳುವ ಹಕ್ಕು ಯಾರಿಗೂ ಇಲ್ಲ ಎಂದು ನಂಬಿದ ಏಕೈಕ ಮನುಷ್ಯ ನಮ್ಮ ಕಾಕಾ! ನೀವು ಜಾರಿ ಬೀಳಿ, ಮುಗ್ಗರಿಸಿ ಬೀಳಿ, ಬೇಕಾದರೆ ಬಾದಾಮಿ ಬಸ್ಸಿನಿಂದ ಉರುಳಿ ಬೀಳಿ, ಅವನದೇನೂ ತಕರಾರಿಲ್ಲ. ‘ಸುಮ್ನ ಬಿದ್ನ್ರಿ’ ಅಂದಿರೋ, ಮುಗಿಯಿತು ನಿಮ್ಮ ಕಥೆ. ಇವನ ಪ್ರಶ್ನೆಗಳಿಗಿಂತ ಬಿದ್ದ ನೋವೇ ಮೇಲು ಅನ್ನಿಸಿಬಿಡುತ್ತದೆ.

ಇದು ನೌಕರಿಯಿಂದ ಅಂಟಿದ ಚಟ. ಹುನಗುಂದ, ಇಳಕಲ್ ಕಡೆಯ ಒಂದು ದವಾಖಾನೆಯ ತುರ್ತು ವಿಭಾಗದ ಬಾಗಿಲಲ್ಲಿ ಕೂತು, ಬಂದವರ ಹೆಸರೇನು, ಪೆಟ್ಟು ಹೇಗಾಯಿತು ಎಂದು ದಾಖಲು ಮಾಡಿಕೊಳ್ಳುವುದು ಅವನ ಕೆಲಸ. ಆದರೆ ಚಟಕ್ಕೆ ಆಫೀಸಿನ ವೇಳೆ ಅಂತ ಇರುತ್ತದೆಯೇ? ಕಲಾದಗಿಯಲ್ಲಿ ಬಳಗದವರ ಮದುವೆ. ಹಿರಿಯರೊಬ್ಬರು ಪಾಯಸ ಚೆಲ್ಲಿದ ನೆಲದ ಮೇಲೆ ಜಾರಿ ಅಂಗಾತ ಬಿದ್ದರು. ಉಳಿದವರೆಲ್ಲ ನೀರು, ಬೀಸಣಿಕೆ ಅಂತ ಓಡಾಡುತ್ತಿದ್ದರೆ ಕಾಕಾ ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದ:

‘ಉಣ್ಣಾಕ ಬಂದವ್ರೋ, ಬಡಸಾಕ ಬಂದವ್ರೋ?’

‘ನಾ ಮದಿಮಗಳ ಅಪ್ಪರಿ!’ ಎಂದು ಅವರು ನರಳಿದರು.

ಕಾಕಾ ತುಸು ಯೋಚಿಸಿ, ‘ಹಂಗಾರ ಕೆಲಸದಾಗ ಆದ ಪೆಟ್ಟ’ ಎಂದು ತೀರ್ಪು ಕೊಟ್ಟ.

ನಗಬೇಡಿ, ಇದರ ಹಿಂದೆ ಒಂದು ಲೆಕ್ಕಾಚಾರವಿದೆ. ಬಾಗಲಕೋಟೆಯಿಂದ ಆಗಾಗ ಒಬ್ಬ ಡಾಕ್ಟರಮ್ಮ ಬಂದು ಈ ದಾಖಲೆಗಳನ್ನು ಓದುತ್ತಾರೆ. ಯಾವ ಕೆಲಸದವರಿಗೆ ಯಾವ ಪೆಟ್ಟು ಮತ್ತೆ ಮತ್ತೆ ಆಗುತ್ತಿದೆ ಎಂದು ನೋಡಿ, ಕೆಲಸದ ಜಾಗಕ್ಕೇ ಹೋಗಿ ಮಾತಾಡುತ್ತಾರೆ. ಆದರೆ ನಿಜ ಹೇಳಿದರೆ ನಾಳೆ ಕೆಲಸಕ್ಕೆ ಕರೆಯುವುದಿಲ್ಲ ಎಂಬ ಅಂಜಿಕೆಯಿಂದ, ಬಂದವರೆಲ್ಲ ‘ಸುಮ್ನ ಬಿದ್ನ್ರಿ’ ಅನ್ನುತ್ತಾರೆ. ಆಗ ಡಾಕ್ಟರಮ್ಮ ಯಾರ ಬಾಗಿಲಿಗೆ ಹೋಗಬೇಕು? ಇವತ್ತು ಒಬ್ಬನ ಬೆರಳು ಹೋದ ಮಷೀನಿನಲ್ಲೇ ನಾಳೆ ಇನ್ನೊಬ್ಬನ ಬೆರಳು! ‘ಎಲ್ಲಾರೂ ಸುಮ್ನ ಬಿದ್ರ ತಪ್ಪ ನೆಲದ್ದ ಆಗತೈತಿ ನೋಡು’ ಅನ್ನುತ್ತಾನೆ ಕಾಕಾ.

ಒಮ್ಮೆ ನಾನು ಅಲ್ಲಿದ್ದಾಗಲೇ ಒಬ್ಬ ಬಂದ. ಹುಬ್ಬು, ಮೀಸೆ, ಕಿವಿಯೆಲ್ಲ ಗ್ರಾನೈಟಿನ ಪುಡಿ, ಕೈಗೆ ರಕ್ತದ ಅರಿವೆ. ‘ಬಚ್ಚಲದಾಗ ಸುಮ್ನ ಬಿದ್ನ್ರಿ’ ಅಂದ.

‘ಹೌದಾ? ನಿಮ್ಮ ಬಚ್ಚಲದಾಗ ನಳ ಬಿಟ್ರ ಕಲ್ಲಿನ ಪುಡಿ ಬರತೈತೇನು?’

ಆತ ಬಾಗಿಲ ಕಡೆ ನೋಡಿದ. ಕರೆತಂದ ಮೇಸ್ತ್ರಿ ಹೊರಗೆ ಮೊಬೈಲಿನಲ್ಲಿದ್ದ. ಕಾಕಾ ದನಿ ಇಳಿಸಿದ: ‘ಮಾಲಕರ ಹೆಸರ ಬ್ಯಾಡೋ ತಮ್ಮಾ. ಅದನ್ನ ನಾ ಯಾರಿಗೂ ಕೇಳಂಗಿಲ್ಲ. ಕೆಲಸದ ಹೆಸರ ಅಷ್ಟ ಹೇಳು.’

‘ಪಾಲಿಶ್ ಮಷೀನ್ರಿ. ಬೆಲ್ಟಿಗೆ ಮುಚ್ಚಳ ಇಲ್ರಿ.’

ಅಂಥ ಮಾತು ಇನ್ನೂ ಕೆಲವರ ಬಾಯಿಂದ ಬಂದ ಮೇಲೆ ಡಾಕ್ಟರಮ್ಮ ಊರಿನ ಪಾಲಿಶ್ ಕೆಲಸದ ಜಾಗಗಳನ್ನೆಲ್ಲ ಸುತ್ತಿ ಬಂದರು. ಒಂದು ಕಡೆ ಬೆಲ್ಟಿಗೆ ಮುಚ್ಚಳ ಕೂತಿತು. ಅದನ್ನು ನೋಡಲು ಕಾಕಾ, ಕನ್ಯೆ ನೋಡಲು ಹೊರಟವರ ಹಾಗೆ, ಇಸ್ತ್ರಿ ಅಂಗಿ ತೊಟ್ಟು ಹೋದ! ಆ ಅಂಗಿಗೆ ಇಸ್ತ್ರಿ ಮಾಡಿದವಳು ಚಿಗವ್ವ, ಕಾಕಾನ ಹೆಂಡತಿ. ಅವಳ ಎರಡೂ ಮುಂಗೈ ಮೇಲೆ ಸುಟ್ಟ ಕಲೆಗಳಿವೆ. ಊರವರ ಪೆಟ್ಟನ್ನೆಲ್ಲ ವಿಚಾರಿಸುವವನಿಗೆ ಅವು ಮಾತ್ರ ಕಂಡಿರಲಿಲ್ಲ. ದೀಪದ ಬುಡ ಕತ್ತಲು ಅಂತಾರಲ್ಲ, ಹಾಗೆ.

ಆಮೇಲೆ ದವಾಖಾನೆಗೆ ಕಂಪ್ಯೂಟರ್ ಬಂತು. ಪೆಟ್ಟಾದದ್ದು ಎಲ್ಲಿ ಎಂಬುದಕ್ಕೆ ಅದರಲ್ಲಿ ಎರಡೇ ಉತ್ತರ: ಮನೆ, ಇಲ್ಲವೇ ಕೆಲಸದ ಜಾಗ. ಸೀರೆ ನೇಯುವ ಹೆಣ್ಣುಮಗಳೊಬ್ಬಳು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ, ಅಂದರೆ ತಗ್ಗಿನಿಂದ, ಏಳುವಾಗ ಬಿದ್ದು ಮೊಣಕಾಲು ತಿರುಚಿಕೊಂಡು ಬಂದಳು. ಮಗ್ಗ ಇರುವುದು ಮನೆಯಲ್ಲೇ ತಾನೇ? ಕಾಕಾನ ಜೊತೆಯ ಗುಮಾಸ್ತರು ‘ಮನೆ’ ಒತ್ತಿದರು. ಕಾಕಾ ಎದ್ದೇ ನಿಂತ.

‘ಮನ್ಯಾಗ ಇದ್ದ ಮಾತ್ರಕ್ಕ ಮಗ್ಗ ಮಂಚ ಆಗತೈತೇನ್ರಿ? ಎಲ್ಲಿ ಅಂತ ಕೇಳಬ್ಯಾಡ್ರಿ. ಏನ ಮಾಡುವಾಗ, ಯಾರ ಸಲವಾಗಿ, ಅದನ್ನ ಕೇಳ್ರಿ!’

ಗುಮಾಸ್ತರು ತೆಪ್ಪಗೆ ‘ಕೆಲಸದ ಜಾಗ’ ಒತ್ತಿದರು.

ಹೋದ ಬೇಸಿಗೆಯಲ್ಲಿ ನಾನು ಅವರ ಮನೆಗೆ ಹೋಗಿದ್ದೆ. ಕಾಕಾ ಆಗಲೇ ಡ್ಯೂಟಿಗೆ ಹೋಗಿದ್ದ. ರೊಟ್ಟಿ ಹಿಟ್ಟಿಗೆ ಹಾಕುವ ಕುದಿಯುವ ಎಸರು ಚಿಗವ್ವನ ಕೈಮೇಲೆ ಚೆಲ್ಲಿತು. ಆಟೊ ಹಿಡಿದು ಕರೆದುಕೊಂಡು ಹೋದೆ. ನರ್ಸ್ ಔಷಧಿ ಹಚ್ಚಿದ ಮೇಲೆ ದಾಖಲು ಮಾಡಿಸಬೇಕಲ್ಲ? ಇಬ್ಬರೂ ಕಾಕಾನ ಎದುರು ನಿಂತೆವು.

‘ಏನಾತು?’

‘ಏನಿಲ್ಲ ಬಿಡ್ರಿ. ಸುಮ್ನ ಸುಟ್ಕೊಂಡೆ.’

ಸುಮ್ನ! ಈಗ ಕಾಕಾ ಹರಿಹಾಯುತ್ತಾನೆ ಎಂದುಕೊಂಡೆ. ಅವನು ಅವಳ ಕೈ ನೋಡುತ್ತ ಕೂತಿದ್ದ. ಹೊಸ ಗಾಯದ ಸುತ್ತ ಹಳೆಯ ಕಲೆಗಳು.

‘ಏನ ಮಾಡುವಾಗ?’

‘ರೊಟ್ಟಿರಿ.’

‘ಯಾರ ಸಲವಾಗಿ?’

ಚಿಗವ್ವನಿಗೆ ನಗು ಬಂತು. ‘ಇದೇನ ಕೇಳ್ತೀರಿ? ನಿಮ್ಮ ಬುತ್ತಿ ಕಳಸಬೇಕಿತ್ತಲ್ಲ.’

ಕಾಕಾ ನಗಲಿಲ್ಲ. ‘ಕೆಲಸದ ಜಾಗ’ ಒತ್ತಿದ. ಯಾರಿಗೂ ಮಾಲಕರ ಹೆಸರು ಕೇಳದವನು, ಅಂದು ವಿವರ ಬರೆಯುವ ಜಾಗದಲ್ಲಿ ಮಾಲಕನ ಹೆಸರನ್ನೂ ಹಾಕಿದ. ತನ್ನದೇ. ಏನು ಬರೆದರು ಎಂದು ಚಿಗವ್ವ ನನ್ನನ್ನು ಕೇಳಿದಳು. ಓದಿ ಹೇಳಿದೆ. ಅವಳು ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು. ನನಗೂ ತಡೆಯಲಾಗಲಿಲ್ಲ.

ಸಾಲಿನಲ್ಲಿ ಹಿಂದೆ ನಿಂತ ಮುದುಕ ಕೇಳಿದ: ‘ಪಾಪ, ಅಕ್ಕಾರು ಯಾರ ಕಡೆ ಕೆಲಸಕ್ಕ ಅದಾರ್ರಿ?’

‘ನನ್ನ ಕಡೆ’ ಅಂದ ಕಾಕಾ. ‘ಲಗ್ನ ಆದಾಗಿಂದ. ಕೈಗೆ ಏನಾತಂತ ಒಂದಿನಾನೂ ಕೇಳಿಲ್ರಿ ನಾ.’