ಕಿಣ್ವಕ್ಕೆ ನ್ಯಾಯ

ಪ್ರಯೋಗಾಲಯದ ಫ್ರೀಜರಿನ ಪ್ಲಗ್ ಕಿತ್ತು ತಮ್ಮ ಫ್ಯಾನ್ ಸಿಕ್ಕಿಸಿಕೊಂಡಿದ್ದರು ಉಗ್ರಾಣದ ಮೇಲ್ವಿಚಾರಕರು. ಬೆಳಿಗ್ಗೆ ಫ್ರೀಜರಿನ ಬಾಗಿಲು ತೆಗೆದ ಸಂಶೋಧಕನ ಕಾಲಮೇಲೆ ನೀರು ಸುರಿಯಿತು, ತಲೆಗೆ ಬೆಂಕಿ ಹತ್ತಿತು.

"ನಿಮಗೆ ಸೆಖೆ ಆಯ್ತು ಅಂತ ನನ್ನ ಮೂರು ವರ್ಷದ ಕಿಣ್ವ ಕೊಂದ್ರೇನ್ರೀ?"

"ಕರಗಿದೆ ಅಷ್ಟೇ ಸಾರ್. ಪ್ಲಗ್ ಹಾಕಿದ್ರೆ ಮತ್ತೆ ಗಟ್ಟಿ ಆಗುತ್ತೆ. ಅದಕ್ಯಾಕೆ ಈ ಪಾಟಿ ಕೂಗಾಟ?"

ಕೂಗದೆ ಏನು ಮಾಡಿಯಾನು? ಜೀವಕೋಶದಲ್ಲಿ ಡಿಎನ್‌ಎ ನೂಲು ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಉಂಡೆಯ ಮೇಲೆ ಅಸಿಟೈಲ್ ಎಂಬ ಪುಟ್ಟ ಗುರುತು ಅಂಟಿದ್ದರೆ ಸುತ್ತು ಸಡಿಲ, ಜೀನ್ ಕೆಲಸ ಮಾಡುತ್ತದೆ. ಗುರುತು ಕಿತ್ತರೆ ಸುತ್ತು ಬಿಗಿ, ಜೀನ್ ಮೌನ. ಹಾಗೆ ಕೀಳುವ ಹೊಸ ಕಿಣ್ವವೊಂದನ್ನು ತಾನು ಕಂಡುಹಿಡಿದೆ ಎಂಬುದೇ ಅವನ ಪ್ರಬಂಧ. ಸಂಜೆ ಮಾರ್ಗದರ್ಶಕಿ ಮೇಡಂ ಎದುರು ಕೊನೆಯ ಸಲ ಮಾಡಿ ತೋರಿಸಿದರೆ ಡಾಕ್ಟರೇಟ್ ಕೈಗೆ ಬಂದಂತೆ.

"ಹೋಗ್ಲಿ ಬಿಡೋ, ಹೊಸದು ಮಾಡ್ಕೋ," ಎಂದಳು ಪಕ್ಕದ ಮೇಜಿನ ಅಕ್ಕ.

"ಬಿಡೋ ಮಾತೇ ಇಲ್ಲ ಅಕ್ಕಾ! ಇವರು ಕೊಲೆಗಾರರು ಅಂತ ಎಲ್ಲರೆದುರು ಸಾಬೀತು ಮಾಡ್ತೀನಿ."

ರೋಷದಲ್ಲಿ ಮೂರು ನಳಿಕೆ ಸಾಲಾಗಿಟ್ಟ. ಮೂರರಲ್ಲೂ ಹಿಸ್ಟೋನಿಗೆ ಸಡಿಲವಾಗಿ ಸುತ್ತಿದ ಒಂದೇ ಜೀನ್. ಅದು ಕೆಲಸ ಮಾಡಿದರೆ ಹಸಿರು ಬೆಳಕು; ಕಿಣ್ವ ಅದನ್ನು ಮೌನಗೊಳಿಸಿದರೆ ಕತ್ತಲು. ಮೊದಲನೆಯದಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ಕರಗಿದ ಕಿಣ್ವ. ಮೂರನೆಯದಕ್ಕೆ, ಕೈ ಸುಟ್ಟುಕೊಂಡು ಹತ್ತು ನಿಮಿಷ ಕುದಿಸಿದ ಕಿಣ್ವ.

"ಕುದಿಸಿದ್ದು ಖಂಡಿತ ಸತ್ತಿದೆ. ಎರಡನೇದೂ ಮೂರನೇದೂ ಒಂದೇ ಥರ ಕಂಡ್ರೆ ನಿಮ್ಮ ತಪ್ಪು ಬರೆದುಕೊಡ್ಬೇಕು!"

"ಧಾರಾಳವಾಗಿ," ಎಂದರು ಮೇಲ್ವಿಚಾರಕರು.

ಸಂಜೆ ಮೇಡಂ ಬಂದರು. ಅಕ್ಕ ದೀಪ ಆರಿಸಿದಳು. ಮೊದಲ ನಳಿಕೆ ಹಸಿರಾಗಿ ಹೊಳೆಯಿತು. ಎರಡನೆಯದು ಕತ್ತಲು, ಎಂದಿನಂತೆ. ಮೂರನೆಯದೂ ಕತ್ತಲು.

"ಎರಡೂ ಒಂದೇ ಥರ!" ಎಂದು ಅವನು ಗೆದ್ದವನಂತೆ ಅರಚಿದ. ಅರಚಿದ ಮೇಲೆ ಅರ್ಥವಾಯಿತು: ಸತ್ತ ಕಿಣ್ವ ಕತ್ತಲು ಮಾಡಲಾರದು.

"ಕರಗಿಸಿದ್ರೂ ಕೆಲಸ, ಕುದಿಸಿದ್ರೂ ಕೆಲಸ! ಇದನ್ನ ಕೊಲ್ಲೋಕೆ ನನ್ನಿಂದಾಗುತ್ತಾ ಸಾರ್?" ಎಂದರು ಮೇಲ್ವಿಚಾರಕರು, ನಿಜವಾದ ಭಕ್ತಿಯಿಂದ.

ಮೇಡಂ ಕನ್ನಡಕ ತೆಗೆದರು. "ಈ ಕಿಣ್ವ ಇಡೋ ಉಪ್ಪಿನ ದ್ರಾವಣ ಇದೆಯಲ್ಲ, ಅದನ್ನ ಮಾತ್ರ ಹಾಕಿ ಯಾವತ್ತಾದ್ರೂ ನೋಡಿದ್ಯೇನಪ್ಪ?"

ನೋಡಿರಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ.

ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಅವನು ಸುತ್ತ ನೋಡಿದ. ಬೈಸಿಕೊಳ್ಳಲು ಯೋಗ್ಯನಾದವನು ಆ ಕೋಣೆಯಲ್ಲಿ ಒಬ್ಬನೇ ಇದ್ದ; ಅವನ ಮೇಲೆ ಮಾತ್ರ ನಾಲಗೆ ಏಳಲಿಲ್ಲ.