ಐದನೆಯ ಮೊಳೆಗೆ ಯಾರು?

ರಿಟೈರಾದ ಸಮಾಜವಿಜ್ಞಾನದ ಮಾಷ್ಟ್ರನ್ನು ವಾಚನಾಲಯದ ಕಾರ್ಯದರ್ಶಿ ಮಾಡಿದರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಬೇಡ ಬೇಡ ಎನ್ನುತ್ತಲೇ ಕುರ್ಚಿ ಹತ್ತಿದವನು ನಾನು, ಯಾರನ್ನೂ ದೂರುವ ಹಾಗಿಲ್ಲ.

ಮೊಳೆ

ಉಪ್ಪಳದ ನಮ್ಮ ವಾಚನಾಲಯಕ್ಕೆ ಹೊಸ ಬಣ್ಣ ಬಳಿಸಿದೆವು. ಗೋಡೆಯಲ್ಲಿ ಇದ್ದದ್ದು ನಾಲ್ವರು ರಾಷ್ಟ್ರನಾಯಕರ ಫೋಟೋ. ಪೈಂಟರು ಮೊಳೆ ಹೊಡೆದದ್ದು ಐದು.

"ಒಂದು ಕೀಳುವುದಾ?" ಎಂದು ಅವರು ಕೇಳಿದರು.

"ಬೇಡ, ಇನ್ನೊಬ್ಬರನ್ನು ಹಾಕುವ" ಎಂದೆ. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುವುದು ಇದಕ್ಕೇ.

ಕಮಿಟಿ ಎರಡು ಹೋಳಾಯಿತು. ಅರ್ಧ ಜನಕ್ಕೆ ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿ, ಆಮೇಲೆ ಮಂತ್ರಿಯಾದ ಒಬ್ಬ ನಾಯಕರು ಬೇಕು. ಇನ್ನರ್ಧಕ್ಕೆ ತುಳು ಜನಪದ ಹಾಡು ಹಾಡಿ ದೆಹಲಿಯಿಂದ ಪ್ರಶಸ್ತಿ ತಂದ ನಮ್ಮೂರಿನ ಪಾಡ್ದನದ ಅಜ್ಜಿ ಬೇಕು. ಗದ್ದೆಯ ಹಾಡು ಹಾಡಿದವರು ರಾಷ್ಟ್ರನಾಯಕರಾಗುವುದು ಹೇಗೆ ಸಾಧ್ಯ ಎಂದು, ನಾಯಕರ ಪಕ್ಷದ ನಾನು ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಮುಗಿಸಿ ನೋಡಿದರೆ ಎದುರಿಗಿದ್ದದ್ದು ಪೈಂಟರು ಮಾತ್ರ. ಅವರ ಏಣಿಯ ಮೇಲೆ ನಾನು ಕೈಯಿಟ್ಟು ನಿಂತಿದ್ದೆ.

ಎರಡು ಮಾರ್ಕು

ಮನೆಯಲ್ಲಿ ಹೆಂಡತಿ ಅಜ್ಜಿಯ ಪಕ್ಷ. "ಅವರ ಹಾಡು ನನಗೆ ನಾಲ್ಕು ಬರ್ತದೆ. ನಿಮ್ಮ ನಾಯಕರದ್ದು ಎಂತ ಉಂಟು, ಒಂದು ಮಾತು ಹೇಳಿ ನೋಡುವ" ಎಂದಳು.

ಮೂವತ್ತು ವರ್ಷ ಅವರ ಪಾಠ ಮಾಡಿದವನು ನಾನು. ಯೋಚಿಸಿದೆ. ಕನ್ನಡಕ ಒರೆಸಿ ಇನ್ನೊಮ್ಮೆ ಯೋಚಿಸಿದೆ.

"ಅವರು ಹುಟ್ಟಿದ್ದು ಯಾವಾಗ, ಜೈಲಿಗೆ ಹೋದದ್ದು ಯಾಕೆ, ಎರಡು ಮಾರ್ಕಿಗೆ ಬರ್ತದೆ" ಎಂದೆ.

"ಜೈಲಿಗೆ ಹೋದದ್ದು ಎರಡು ಮಾರ್ಕಿಗಾ, ಪಾಪ" ಎಂದು ಒಳಗೆ ಹೋದಳು.

ಮೀನು ಮಾರ್ಕೆಟ್

ಜನ ಯಾರನ್ನು ಗುರುತಿಸುತ್ತಾರೋ ಅವರೇ ನಾಯಕರು ಎಂದು ತೀರ್ಮಾನಿಸಿ, ಎರಡೂ ಫೋಟೋ ಹಿಡಿದು ಮೀನು ಮಾರ್ಕೆಟಿಗೆ ಹೋದೆ. ಮೀನು ಮಾರುವ ಅಕ್ಕ ಮೊದಲು ನಾಯಕರನ್ನು ನೋಡಿದರು.

"ಇವರು ವೋಟಿಗೆ ನಿಂತವರು."

"ಹೆಸರು?"

"ಗೊತ್ತಿಲ್ಲ. ಕೈ ಮುಗಿದಿದ್ದಾರಲ್ಲ."

ಅಜ್ಜಿಯ ಫೋಟೋ ನೋಡಿದ್ದೇ ಮುಖ ಅರಳಿತು. "ನಮ್ಮ ಪಾಡ್ದನದ ಅಜ್ಜಿ. ಅವರು ಹಾಡಿದರೆ ನನಗೆ ಈಗಲೂ ಕಣ್ಣಲ್ಲಿ ನೀರು ಬರ್ತದೆ."

ಇಷ್ಟಕ್ಕೇ ಸುಮ್ಮನಿರಬಹುದಿತ್ತು. "ಮತ್ತೆ ನಾನು ಯಾರು, ಗೊತ್ತುಂಟಾ?" ಎಂದೂ ಕೇಳಿದೆ.

"ಗೊತ್ತಿಲ್ಲದೆ ಎಂತ? ಅರ್ಧ ಕಿಲೋ ಬಂಗುಡೆಗೆ ಅರ್ಧ ಗಂಟೆ ಚರ್ಚೆ ಮಾಡುವವರು."

ಅನಾವರಣ

ಸೋತವನು ನಾನು, ಅಜ್ಜಿಯನ್ನು ಆಮಂತ್ರಿಸಲು ನಾನೇ ಹೋದೆ. ನನ್ನ ಭಾಷಣದ ಸುದ್ದಿ ಅವರಿಗೆ ಮುಟ್ಟಿತ್ತು. "ನೀವು ಬೇಡ ಅಂದವರಲ್ವಾ ಮಾಷ್ಟ್ರೆ?" ಎಂದು ನಕ್ಕರು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇವರಿಗೆ ಗೌರವದಲ್ಲಿ ಒಂದು ಎಳೆಯೂ ಕಡಿಮೆಯಾಗಬಾರದು, ಕಡಿಮೆಯಾದರೆ ಕಾರ್ಯದರ್ಶಿ ಸ್ಥಾನ ಬಿಡುತ್ತೇನೆ ಎಂದು ಕಮಿಟಿಗೆ ಹೇಳಿಬಿಟ್ಟೆ.

ಅನಾವರಣದ ದಿನ ಬೆಳಿಗ್ಗೆ ನೋಡಿದರೆ ನಾಲ್ವರು ನಾಯಕರಿಗೂ ಗಂಧದ ಹಾರ ಉಂಟು, ಅಜ್ಜಿಗೆ ಮಾತ್ರ ಇಲ್ಲ. ಕಲಾವಿದೆ ಎಂದು ತಾರತಮ್ಯವೇ? ಓಡಿಹೋಗಿ ಅಂಗಡಿಯಲ್ಲಿದ್ದ ಅತಿ ದಪ್ಪದ ಹಾರ ತಂದೆ. ಸಾಲದ್ದಕ್ಕೆ ಫೋಟೋದ ಕೆಳಗೆ ಒಂದು ದೀಪವನ್ನೂ ಇಟ್ಟೆ.

ಪರದೆ ಸರಿಯಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮಲ್ಲಿ ಫೋಟೋಕ್ಕೆ ಗಂಧದ ಹಾರ ಬೀಳುವುದು ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ. ಇದು ಗೊತ್ತಿಲ್ಲದವರು ಉಪ್ಪಳದಲ್ಲಿ ಯಾರೂ ಇಲ್ಲ, ನನಗೂ ಗೊತ್ತಿತ್ತು. ಆ ಬೆಳಿಗ್ಗೆ ಸಮಾನತೆಯ ಅಮಲಿನಲ್ಲಿ ತಲೆಗೆ ಹೊಳೆದಿರಲಿಲ್ಲ, ಅಷ್ಟೆ. ಅಜ್ಜಿ ಎದ್ದು ಹೊರಟರೆ ಎಂದು ನಾನು ಬಾಗಿಲಿಗೆ ಅಡ್ಡ ಹೋಗಿ ನಿಂತೆ.

ಅಜ್ಜಿ ಎದ್ದರು. ಫೋಟೋದ ಹತ್ತಿರ ಹೋಗಿ ಹಾರ ನೋಡಿದರು, ದೀಪ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ನನ್ನ ಬೊಜ್ಜಕ್ಕೆ ನನ್ನನ್ನೇ ಕರೆದವರು ನೀವೊಬ್ಬರೇ ಮಾಷ್ಟ್ರೆ. ಆಗಲಿ, ಊಟ ಎಷ್ಟು ಗಂಟೆಗೆ?"